ಸೇನೆ ಕಳಿಸಿ ಪ್ರಜಾಪ್ರಭುತ್ವ ಕಟ್ಟಬಹುದೇ? ಇರಾಕ್, ಅಫ್ಘಾನಿಸ್ತಾನದಲ್ಲಿ ಲೆಕ್ಕ ತಪ್ಪಿದ್ದೆಲ್ಲಿ

2003ರ ಏಪ್ರಿಲ್‌ನಲ್ಲಿ, ಬಾಗ್ದಾದ್ ಅಮೆರಿಕದ ಸೇನೆಯ ಕೈಸೇರಿ ಎರಡು ವಾರವಾಗಿತ್ತು. ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್ ಟಿವಿ ಸಂದರ್ಶನದಲ್ಲಿ ಒಂದು ಅಂದಾಜು ಹೇಳಿದರು: ಇರಾಕನ್ನು ಮತ್ತೆ ಕಟ್ಟಲು ಅಮೆರಿಕದ ತೆರಿಗೆದಾರರು ಕೊಡಬೇಕಾದದ್ದು 170 ಕೋಟಿ ಡಾಲರ್, ಅಷ್ಟೇ. ಈ ಖರ್ಚಿನ ಮೇಲೆ ಕಣ್ಣಿಡಲೆಂದೇ ನೇಮಕವಾಗಿದ್ದ ಅಮೆರಿಕದ ವಿಶೇಷ ತನಿಖಾಧಿಕಾರಿ 2013ರಲ್ಲಿ ಕೊನೆಯ ವರದಿ ಕೊಟ್ಟಾಗ ಆ ಬಾಬತ್ತಿನ ಮೊತ್ತ ಸುಮಾರು 6,000 ಕೋಟಿ ಡಾಲರ್ ತಲುಪಿತ್ತು. ಅದೂ ವಿದ್ಯುತ್, ನೀರು, ಪೊಲೀಸ್ ತರಬೇತಿಯಂಥ ಕೆಲಸಗಳದ್ದು ಮಾತ್ರ. ಯುದ್ಧದ ಖರ್ಚು ಅದರಲ್ಲಿ ಸೇರಿಲ್ಲ.

ಹತ್ತಿಪ್ಪತ್ತು ಪಾಲು ಹೆಚ್ಚಾದರೆ ದುಂದು, ಭ್ರಷ್ಟಾಚಾರ ಎನ್ನಬಹುದು. ಮೂವತ್ತೈದು ಪಾಲು ಏರಿದರೆ ಕೆಲಸವೇ ಏನೆಂದು ಗೊತ್ತಿರಲಿಲ್ಲ ಎಂದರ್ಥ. ಸದ್ದಾಂ ಹುಸೇನ್‌ನನ್ನು ಇಳಿಸಿದರೆ ಸಚಿವಾಲಯಗಳು, ಪೊಲೀಸ್ ಠಾಣೆಗಳು, ಶಾಲೆಗಳು ಮರುದಿನವೂ ಎಂದಿನಂತೆ ಬಾಗಿಲು ತೆರೆಯುತ್ತವೆ, ಕೆಲವು ತಿಂಗಳಲ್ಲಿ ಚುನಾವಣೆ ನಡೆಸಿ ಹೊರಡಬಹುದು ಎಂಬುದು ಆ ಅಂದಾಜಿನ ಹಿಂದಿದ್ದ ನಂಬಿಕೆ.

ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಆಳುವವನನ್ನು ಇಳಿಸುವುದು ಒಂದು. ಸಂಬಳ ಹಂಚುವ, ಕಳ್ಳನನ್ನು ಹಿಡಿಯುವ, ನೀರು ಬಿಡುವ ಆಡಳಿತವನ್ನು ನಿಲ್ಲಿಸಿಕೊಳ್ಳುವುದು ಇನ್ನೊಂದು. ಚುನಾವಣೆಯಲ್ಲಿ ಸೋತವರು ಬಂದೂಕು ಹಿಡಿಯದೆ ಮುಂದಿನ ಚುನಾವಣೆಗೆ ಕಾಯುವಂತಾಗುವುದು ಮೂರನೆಯದು. ಮೊದಲನೆಯದು ಸೇನೆಯ ಕೆಲಸ. ಇರಾಕಿನಲ್ಲಿ ಅದು ಮೂರೇ ವಾರದಲ್ಲಿ ಮುಗಿಯಿತು. ಎರಡನೆಯದನ್ನು ಸೇನೆ ಸುಲಭವಾಗಿ ಕೆಡಿಸಬಲ್ಲದು, ಬಲು ಕಷ್ಟಪಟ್ಟು ಕಾಪಾಡಬಲ್ಲದು. ಮೂರನೆಯದು ಸೇನೆಯ ಕೈಗೆಟುಕುವುದೇ ಇಲ್ಲ. ಬೆಲೆ ತೆತ್ತಿದ್ದಕ್ಕೆ ಫಲ ಸಿಕ್ಕಿತೇ ಎಂಬ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಈ ಎರಡನೆಯ ಮತ್ತು ಮೂರನೆಯ ಕೆಲಸಗಳಲ್ಲೇ ಇದೆ.

ಇರಾಕ್ ಯುದ್ಧಕ್ಕೆ ಮೊದಲು ಮುಂದಿಟ್ಟ ಮುಖ್ಯ ಕಾರಣ ಪ್ರಜಾಪ್ರಭುತ್ವವಾಗಿರಲಿಲ್ಲ, ಸಾಮೂಹಿಕ ನಾಶದ ಅಸ್ತ್ರಗಳಾಗಿದ್ದವು ಎಂಬುದನ್ನೂ ಹೇಳಬೇಕು. ಅವು ಸಿಗಲಿಲ್ಲ. ಸಿಗದೆಹೋದಷ್ಟೂ ಪ್ರಜಾಪ್ರಭುತ್ವದ ಮಾತು ಜೋರಾಯಿತು. ಹೀಗೆ ನಡುವೆ ಬಂದು ಸೇರಿದ ಗುರಿಗೆ ಮೊದಲೇ ಸಿದ್ಧತೆ ಮಾಡಿಕೊಂಡಿರುವುದು ಹೇಗೆ?

ಸಂಬಳ ನಿಂತ ಮೇ ತಿಂಗಳು

ಬಾಗ್ದಾದ್ ಬಿದ್ದ ಕೂಡಲೇ ಲೂಟಿ ಶುರುವಾಯಿತು. 23 ಸಚಿವಾಲಯಗಳ ಪೈಕಿ 17 ಹಾಳಾದವು. ಕುರ್ಚಿ, ಕಂಪ್ಯೂಟರ್ ಹೋದದ್ದು ಹಾಗಿರಲಿ, ಗೋಡೆಯೊಳಗಿನ ತಾಮ್ರದ ತಂತಿಯನ್ನೂ ಕಿತ್ತುಕೊಂಡು ಹೋದರು. ಯಾರಿಗೆ ಎಷ್ಟು ಪಿಂಚಣಿ, ಯಾವ ಜಮೀನು ಯಾರದು, ಯಾವ ಪಂಪ್‌ಹೌಸಿಗೆ ಯಾರು ಎಂಜಿನಿಯರ್ ಎಂದು ಹೇಳಬೇಕಾದ ಕಡತಗಳು ಸುಟ್ಟುಹೋದವು.

ಮೇ 12ಕ್ಕೆ ಅಮೆರಿಕದ ಆಡಳಿತಾಧಿಕಾರಿಯಾಗಿ ಪಾಲ್ ಬ್ರೆಮರ್ ಬಂದಿಳಿದರು. ಮೇ 16ರಂದು ಮೊದಲ ಆದೇಶ: ಸದ್ದಾಂನ ಬಾತ್ ಪಕ್ಷದ ಮೇಲಿನ ನಾಲ್ಕು ದರ್ಜೆಯ ಸದಸ್ಯರೆಲ್ಲ ಸರ್ಕಾರಿ ಕೆಲಸದಿಂದ ವಜಾ. ಇಲಾಖೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಮೇಲಿನ ಮೂರು ಹಂತದ ಹುದ್ದೆಗಳಲ್ಲಿದ್ದ ಪೂರ್ಣ ಸದಸ್ಯರೂ ಹೊರಗೆ. ಸದ್ದಾಂ ಕಾಲದಲ್ಲಿ ಬಡ್ತಿ ಬೇಕೆಂದರೆ ಪಕ್ಷದ ಸದಸ್ಯತ್ವ ಇರಲೇಬೇಕಿತ್ತು. ಹಾಗಾಗಿ ಚಿತ್ರಹಿಂಸೆ ಕೊಟ್ಟವನಿಗೂ ಹೆಡ್‌ಮಾಸ್ತರಿಗೂ ಒಂದೇ ಶಿಕ್ಷೆಯಾಯಿತು. ಮನೆಗೆ ಹೋದ ಸಾವಿರಾರು ಜನರಲ್ಲಿ ಶಿಕ್ಷಕರೇ ದೊಡ್ಡ ಸಂಖ್ಯೆಯಲ್ಲಿದ್ದರು.

ಮೇ 23ಕ್ಕೆ ಎರಡನೆಯ ಆದೇಶ: ಸೇನೆಯೇ ವಿಸರ್ಜನೆ. ಸುಮಾರು ನಾಲ್ಕು ಲಕ್ಷ ಜನ, ಹೆಚ್ಚಿನವರು ಸಂಸಾರಸ್ಥರು, ಬಂದೂಕು ಹಿಡಿಯಲು ಕಲಿತವರು, ಮದ್ದುಗುಂಡಿನ ಉಗ್ರಾಣಗಳು ಎಲ್ಲೆಲ್ಲಿವೆ ಎಂದು ಬಲ್ಲವರು, ಒಂದೇ ದಿನದಲ್ಲಿ ಸಂಬಳವಿಲ್ಲದವರಾದರು. ಜೂನ್ 18ರಂದು ಅವರು ಬಾಗ್ದಾದಿನ ಅರಮನೆಯ ಗೇಟಿನೆದುರು ಪ್ರತಿಭಟನೆಗೆ ಸೇರಿದಾಗ ಗುಂಡು ಹಾರಿ ಇಬ್ಬರು ಸತ್ತರು. ಅದಾದ ಐದು ದಿನಕ್ಕೆ ತಿಂಗಳಿಗೆ 50ರಿಂದ 150 ಡಾಲರ್ ಭತ್ಯೆ ಕೊಡುವುದಾಗಿ ಪ್ರಕಟಿಸಿದರು. ಅಷ್ಟರಲ್ಲಿ ತಿಂಗಳು ಕಳೆದಿತ್ತು. ಇಡೀ ಯುದ್ಧದಲ್ಲಿ ಇಷ್ಟು ಅಗ್ಗದಲ್ಲಿ ತಪ್ಪಿಸಬಹುದಾಗಿದ್ದ, ಇಷ್ಟು ದುಬಾರಿಯಾದ ತಪ್ಪು ಬೇರೊಂದಿಲ್ಲ. ಮುಂದೆ ಅಮೆರಿಕದ ವಿರುದ್ಧ ಹೋರಾಡಿದ ಗುಂಪುಗಳಿಗೂ, 2014ರ ಜೂನ್ 10ರಂದು ಮೊಸುಲ್ ನಗರವನ್ನು ವಶಪಡಿಸಿಕೊಂಡ ಐಎಸ್ ಸಂಘಟನೆಗೂ ಯುದ್ಧ ಕಲಿಸಿದವರಲ್ಲಿ ಈ ಹಳೆಯ ಸೇನಾಧಿಕಾರಿಗಳಿದ್ದರು.

ಸಾವಿರಕ್ಕೆ ಇಪ್ಪತ್ತು

ಲೂಟಿಯನ್ನು ತಡೆಯಲಿಲ್ಲ ಏಕೆ? ತಡೆಯಲು ಬೇಕಾದಷ್ಟು ಜನ ಇರಲಿಲ್ಲ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ಜೇಮ್ಸ್ ಕ್ವಿನ್ಲಿವನ್ 1995ರಲ್ಲಿ ಹಳೆಯ ಕಾರ್ಯಾಚರಣೆಗಳ ಲೆಕ್ಕ ಹಾಕಿ ತೋರಿಸಿದ್ದರು: ಕಲಹವಿರುವ ನಾಡಿನಲ್ಲಿ ಶಾಂತಿ ಕಾಯಲು ಸಾವಿರ ನಿವಾಸಿಗಳಿಗೆ ಸುಮಾರು 20 ಮಂದಿ ಭದ್ರತಾ ಸಿಬ್ಬಂದಿ ಬೇಕಾಗುತ್ತಾರೆ. ಅಡುಗೆ, ವಾಹನ, ಸಾಮಾನು ಸಾಗಣೆ, ಪಾಳಿ, ರಜೆ ಎಲ್ಲ ಕಳೆದರೆ ಆ ಇಪ್ಪತ್ತರಲ್ಲಿ ಯಾವುದೇ ಹೊತ್ತಿನಲ್ಲಿ ಬೀದಿಯಲ್ಲಿ ಕಾಣುವವರು ನಾಲ್ಕಾರು ಮಂದಿ.

ಇರಾಕಿನ ಜನಸಂಖ್ಯೆ ಆಗ ಸುಮಾರು 2.5 ಕೋಟಿ. ಲೆಕ್ಕದ ಪ್ರಕಾರ ಬೇಕಾದದ್ದು 5 ಲಕ್ಷ ಸಿಬ್ಬಂದಿ. ಇದ್ದದ್ದು ಅಮೆರಿಕದ ಒಂದೂವರೆ ಲಕ್ಷ ಮತ್ತು ಮಿತ್ರರಾಷ್ಟ್ರಗಳ ಒಂದಿಷ್ಟು ಸಾವಿರ. ಅಮೆರಿಕದ ಭೂಸೇನಾ ಮುಖ್ಯಸ್ಥ ಎರಿಕ್ ಶಿನ್‌ಸೆಕಿ ಯುದ್ಧಕ್ಕೆ ಮೊದಲೇ, 2003ರ ಫೆಬ್ರವರಿ 25ರಂದು, ಹಲವು ಲಕ್ಷ ಸೈನಿಕರು ಬೇಕಾಗಬಹುದು ಎಂದು ಸೆನೆಟ್ ಸಮಿತಿಯ ಮುಂದೆ ಹೇಳಿದ್ದರು. ಎರಡೇ ದಿನದಲ್ಲಿ ರಕ್ಷಣಾ ಇಲಾಖೆಯ ಉಪಕಾರ್ಯದರ್ಶಿ ಪಾಲ್ ವುಲ್ಫೋವಿಟ್ಸ್ ಆ ಮಾತನ್ನು ತಳ್ಳಿಹಾಕಿದರು. 1999ರಲ್ಲಿ ಕೊಸೊವೊಗೆ, ಇಪ್ಪತ್ತು ಲಕ್ಷವೂ ತುಂಬದ ಜನಸಂಖ್ಯೆಗೆ, ಸುಮಾರು 50 ಸಾವಿರ ನ್ಯಾಟೊ ಸೈನಿಕರು ಹೋಗಿದ್ದರು. 2002ರ ಅಫ್ಘಾನಿಸ್ತಾನದಲ್ಲಿದ್ದದ್ದು ಸಾವಿರ ಜನಕ್ಕೆ ಒಬ್ಬ ವಿದೇಶಿ ಸೈನಿಕನಿಗಿಂತ ಕಡಿಮೆ.

ಈ ಸಂಖ್ಯೆ ಮುಟ್ಟಿದ ಮಾತ್ರಕ್ಕೆ ಗೆಲುವು ಖಚಿತ ಎಂದಲ್ಲ. ಆದರೆ ಇದರ ಅರ್ಧವೂ ಇಲ್ಲದೆ ಹೊರಟವರಿಗೆ ಮತಗಟ್ಟೆಯ ದಾರಿ ಕಾಯುವುದೂ ಆಗುವುದಿಲ್ಲ.

ಮತಪತ್ರದೊಳಗೆ ಅಡಗಿದ್ದ ತಪ್ಪು

ನೇರಳೆ ಶಾಯಿ ಹಚ್ಚಿದ ಬೆರಳೆತ್ತಿ ನಿಂತ ಇರಾಕಿಗಳ ಚಿತ್ರ 2005ರ ಜನವರಿ 30ರಂದು ಜಗತ್ತನ್ನೆಲ್ಲ ಸುತ್ತಿತು. ಬಾಂಬಿನ ಭಯದ ನಡುವೆಯೂ ಸಾಲುಗಟ್ಟಿ ಬಂದ ಆ ಜನರ ಧೈರ್ಯ ನಿಜವಾದದ್ದು. ತಪ್ಪಿದ್ದು ಅವರ ಕೈಗೆ ಕೊಟ್ಟ ಮತಪತ್ರದ ಏರ್ಪಾಡಿನಲ್ಲಿ.

ಇಡೀ ದೇಶವೇ ಒಂದು ಕ್ಷೇತ್ರ. 275 ಸ್ಥಾನ. ಮತಪತ್ರದಲ್ಲಿ 111 ಪಟ್ಟಿಗಳು. ಮತದಾರ ಒಂದು ಪಟ್ಟಿಗೆ ಗುರುತು ಹಾಕಬೇಕು, ಬಂದ ಮತದ ಪ್ರಮಾಣಕ್ಕೆ ತಕ್ಕಂತೆ ಆ ಪಟ್ಟಿಗೆ ಸ್ಥಾನ. ಕೊಲೆಯ ಭಯದಿಂದ ಬಹುತೇಕ ಅಭ್ಯರ್ಥಿಗಳ ಹೆಸರನ್ನು ಕೊನೆಯವರೆಗೂ ಗುಟ್ಟಾಗಿಟ್ಟಿದ್ದರು. ಜನಗಣತಿ ಇರಲಿಲ್ಲ, ಕ್ಷೇತ್ರದ ಗಡಿ ಗುರುತಿಸಲು ಸಮಯವಿರಲಿಲ್ಲ, ಜನವರಿ ಮುಗಿಯುವುದರೊಳಗೆ ಚುನಾವಣೆ ನಡೆಸಲೇಬೇಕೆಂಬ ಗಡುವು ತಲೆಯ ಮೇಲಿತ್ತು. ಆದ್ದರಿಂದ ಎಲ್ಲಕ್ಕಿಂತ ಸರಳವಾದದ್ದನ್ನು ಆರಿಸಿಕೊಂಡರು.

ನಮ್ಮಲ್ಲಿ ಮಂಡ್ಯದ ಜನ ಮತದಾನ ಬಹಿಷ್ಕರಿಸಿದರೂ ಲೋಕಸಭೆಯಲ್ಲಿ ಮಂಡ್ಯದ ಸ್ಥಾನವೊಂದು ಇದ್ದೇ ಇರುತ್ತದೆ. ದೇಶವೆಲ್ಲ ಒಂದೇ ಕ್ಷೇತ್ರವಾದರೆ ಹಾಗಲ್ಲ. ಯಾವ ಊರಿನವರು ಮನೆಯಲ್ಲೇ ಉಳಿದರೋ ಅವರ ಪಾಲು ಉಳಿದವರಿಗೆ ಹೋಗುತ್ತದೆ. ಸುನ್ನಿ ಅರಬ್ಬರ ಅನ್ಬಾರ್ ಪ್ರಾಂತ್ಯದಲ್ಲಿ ಬಹಿಷ್ಕಾರ ಮತ್ತು ಬೆದರಿಕೆಯ ನಡುವೆ ಮತದಾನವಾದದ್ದು ಶೇ. 2ರಷ್ಟು. ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಪಾಲಿದ್ದ ಸಮುದಾಯಕ್ಕೆ 275ರಲ್ಲಿ 20 ಸ್ಥಾನವೂ ಸಿಗಲಿಲ್ಲ. ಸಂವಿಧಾನ ಬರೆಯಬೇಕಾಗಿದ್ದದ್ದು ಇದೇ ಸಭೆ. ಆ ಸಂವಿಧಾನ ಅಕ್ಟೋಬರ್ 15ರಂದು ಜನಮತಗಣನೆಗೆ ಬಂದಾಗ ಮೂರು ಪ್ರಾಂತ್ಯಗಳಲ್ಲಿ ಮೂರನೇ ಎರಡರಷ್ಟು ವಿರೋಧ ಬಂದರೆ ಬಿದ್ದುಹೋಗುತ್ತದೆ ಎಂಬ ನಿಯಮವಿತ್ತು. ಅನ್ಬಾರ್, ಸಲಾಹುದ್ದೀನ್ ತಿರಸ್ಕರಿಸಿದವು. ನಿನೆವೆಯಲ್ಲಿ ಬಹುಮತ ವಿರೋಧವಿದ್ದರೂ ಮೂರನೇ ಎರಡು ಮುಟ್ಟಲಿಲ್ಲ. ಸಂವಿಧಾನ ಉಳಿಯಿತು, ಒಪ್ಪದವರು ಒಪ್ಪದೆಯೇ ಉಳಿದರು. ನಾಲ್ಕು ತಿಂಗಳಲ್ಲಿ ಶಿಯಾಗಳಿಗೆ ಪವಿತ್ರವಾದ ಸಮರಾದ ಮಸೀದಿ ಸ್ಫೋಟವಾಗಿ ಶಿಯಾ-ಸುನ್ನಿ ನರಮೇಧ ಭುಗಿಲೆದ್ದಿತು.

ಅಫ್ಘಾನಿಸ್ತಾನದಲ್ಲಿ ಬೇರೆಯದೇ ತಪ್ಪು. ಬೆಂಗಳೂರಿನ 28 ವಿಧಾನಸಭಾ ಕ್ಷೇತ್ರಗಳನ್ನೂ ಒಂದು ಮಾಡಿ, ಒಬ್ಬರಿಗೆ ಒಂದೇ ಮತ ಕೊಟ್ಟು, ಹೆಚ್ಚು ಮತ ಬಂದ ಮೊದಲ 28 ಮಂದಿ ಗೆದ್ದರು ಎಂದರೆ ಹೇಗಿರುತ್ತದೆ? ಕಾಬೂಲಿನಲ್ಲಿ ಸಂಸತ್ ಚುನಾವಣೆ ನಡೆಯುತ್ತಿದ್ದದ್ದು ಹಾಗೆಯೇ: 33 ಸ್ಥಾನ, ಒಂದು ಮತ. 2018ರಲ್ಲಿ 800ಕ್ಕೂ ಹೆಚ್ಚು ಅಭ್ಯರ್ಥಿಗಳು. ಮತಪತ್ರ ಪತ್ರಿಕೆಯ ಹಾಳೆಯಷ್ಟು ದೊಡ್ಡದು, 15 ಪುಟ. ಪಕ್ಷ ಕಟ್ಟಿದವರಿಗೆ ಇಲ್ಲಿ ನಷ್ಟವೇ. ಒಬ್ಬ ಜನಪ್ರಿಯ ಅಭ್ಯರ್ಥಿಗೆ ಮತವೆಲ್ಲ ಹರಿದರೆ ಹೆಚ್ಚಿನದು ವ್ಯರ್ಥ, ಹತ್ತು ಮಂದಿಗೆ ಹಂಚಿಹೋದರೆ ಹತ್ತೂ ಮಂದಿಗೆ ಸೋಲು. ಕುಲ, ಹಣ, ಬಂದೂಕು ಇದ್ದವನಿಗೆ ಮಾತ್ರ ತನ್ನ ಮತ ಎಷ್ಟೆಂದು ಮೊದಲೇ ಗೊತ್ತು. ಇದರ ಮೇಲೆ 34 ಪ್ರಾಂತ್ಯಗಳ ರಾಜ್ಯಪಾಲರನ್ನೂ ಅಧ್ಯಕ್ಷರೇ ನೇಮಿಸುತ್ತಿದ್ದರು. ಸೋತವನಿಗೆ ಹೇರಾತ್ ಆಗಲಿ ಬಲ್ಖ್ ಆಗಲಿ ತನ್ನದೆನ್ನಲು ಏನೂ ಇಲ್ಲ. ಎಲ್ಲ ಅಧಿಕಾರವೂ ಒಂದೇ ಕುರ್ಚಿಯಲ್ಲಿದ್ದಾಗ ಸೋಲನ್ನು ಯಾರು ತಾನೇ ಒಪ್ಪುತ್ತಾರೆ?

ಯಾರೂ ಒಪ್ಪಲಿಲ್ಲ. 2009ರ ಅಧ್ಯಕ್ಷೀಯ ಚುನಾವಣೆಯಲ್ಲಿ ಲಕ್ಷಾಂತರ ಮತಗಳು ಅಕ್ರಮವೆಂದು ರದ್ದಾದವು. 2014ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಬಂದು ಕೂತು ಎದುರಾಳಿಗಳಾದ ಅಶ್ರಫ್ ಘನಿ, ಅಬ್ದುಲ್ಲಾ ಅಬ್ದುಲ್ಲಾ ಇಬ್ಬರಿಗೂ ಅಧಿಕಾರ ಹಂಚಿಸಬೇಕಾಯಿತು. 2019ರಲ್ಲಿ ಎಣಿಕೆಗೆ ಬಂದ ಮತ ಸುಮಾರು 18 ಲಕ್ಷ, ನೋಂದಾಯಿತ ಮತದಾರರು 96 ಲಕ್ಷ. 2020ರ ಮಾರ್ಚ್ 9ರಂದು ಕಾಬೂಲಿನಲ್ಲಿ ಅಶ್ರಫ್ ಘನಿ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು; ಅದೇ ದಿನ, ಅಲ್ಲೇ ಪಕ್ಕದಲ್ಲಿ, ಅಬ್ದುಲ್ಲಾ ಅಬ್ದುಲ್ಲಾ ಕೂಡ. ಈ ಸಂಸತ್ತಿಗೆ ಕಟ್ಟಡ ಕಟ್ಟಿಕೊಟ್ಟದ್ದು ಭಾರತ. 2015ರ ಡಿಸೆಂಬರ್ 25ರಂದು ಪ್ರಧಾನಿ ಮೋದಿ ಉದ್ಘಾಟಿಸಿದ್ದರು. ಅದು ಈಗಲೂ ನಿಂತಿದೆ, ಒಳಗೆ ಸಂಸತ್ತಿಲ್ಲ.

ಜಪಾನ್, ಜರ್ಮನಿ ಗೆದ್ದದ್ದು ಹೇಗೆ

ಸೇನೆ ಕಳಿಸಬೇಕೆನ್ನುವವರೆಲ್ಲ ಮೊದಲು ತೋರಿಸುವುದು ಈ ಎರಡು ದೇಶಗಳನ್ನು. ಎರಡರಲ್ಲೂ ಪ್ರಜಾಪ್ರಭುತ್ವ ಗಟ್ಟಿಯಾಗಿ ನಿಂತದ್ದು ಸತ್ಯ. ಆದರೆ ಹೊರಗಿನವರು ಅಲ್ಲಿ ಬುನಾದಿ ತೋಡಲಿಲ್ಲ. ನಮ್ಮ ಮೈಸೂರಿನಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿದ ಒಂಬತ್ತು ವರ್ಷಕ್ಕೆ ಜಪಾನಿನಲ್ಲಿ ಚುನಾಯಿತ ಸಂಸತ್ತು ಶುರುವಾಗಿತ್ತು. 1925ರಲ್ಲೇ ವಯಸ್ಕ ಗಂಡಸರಿಗೆಲ್ಲ ಮತದಾನದ ಹಕ್ಕು ಬಂದಿತ್ತು. ಜರ್ಮನಿಗೆ ಹಿಟ್ಲರ್‌ಗೆ ಮೊದಲಿದ್ದ ವೈಮಾರ್ ಗಣರಾಜ್ಯದ ನೆನಪಿತ್ತು, ಹಳೆಯ ಪಕ್ಷಗಳ ಹಳೆಯ ನಾಯಕರು ಇನ್ನೂ ಬದುಕಿದ್ದರು.

ಜಪಾನಿನಲ್ಲಿ ಅಮೆರಿಕದ ಜನರಲ್ ಮೆಕಾರ್ಥರ್ ಚಕ್ರವರ್ತಿಯನ್ನು ಇಳಿಸಲಿಲ್ಲ, ಗುಮಾಸ್ತರನ್ನು ಮನೆಗೆ ಕಳಿಸಲಿಲ್ಲ. ಆದೇಶಗಳು ಜಪಾನಿ ಅಧಿಕಾರಿಗಳ ಕೈಯಿಂದಲೇ ಜಾರಿಯಾದವು. 1946ರ ಏಪ್ರಿಲ್ 10ರಂದು ಹೆಂಗಸರು ಮೊದಲ ಸಲ ಮತ ಹಾಕಿದಾಗ 39 ಮಹಿಳೆಯರು ಗೆದ್ದರು. ಭೂಸುಧಾರಣೆಯಲ್ಲಿ, ನಮ್ಮ 'ಉಳುವವನೇ ಹೊಲದೊಡೆಯ' ಕಾಯ್ದೆಗೆ ಸುಮಾರು ಮೂವತ್ತು ವರ್ಷ ಮೊದಲೇ, ಗೇಣಿದಾರರಿಗೆ ಜಮೀನು ಸಿಕ್ಕಿತು. ಹಳ್ಳಿಯವರಿಗೆ ಹೊಸ ವ್ಯವಸ್ಥೆಯಲ್ಲಿ ಕಳೆದುಕೊಳ್ಳಲು ಏನೋ ಒಂದು ಇತ್ತು. ಯುದ್ಧದ ಸೋಲು ಪೂರ್ತಿಯಾಗಿದ್ದದ್ದರಿಂದ ಹಿಂದಿರುಗಿ ಹೋರಾಡುವ ಗುಂಪೂ ಇರಲಿಲ್ಲ. ಕಾರ್ನೆಗಿ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಗಾಗಿ ವಿದ್ವಾಂಸ ಮಿನ್‌ಕ್ಸಿನ್ ಪೇ 2003ರ ಮೇನಲ್ಲಿ, ಅಂದರೆ ಬ್ರೆಮರ್ ಆದೇಶ ಹೊರಡಿಸುತ್ತಿದ್ದ ತಿಂಗಳಲ್ಲೇ, ಅಮೆರಿಕದ 16 ರಾಷ್ಟ್ರನಿರ್ಮಾಣ ಪ್ರಯತ್ನಗಳ ಲೆಕ್ಕ ಕೊಟ್ಟಿದ್ದರು. ಸೇನೆ ಹೊರಟ ಹತ್ತು ವರ್ಷದ ನಂತರವೂ ಪ್ರಜಾಪ್ರಭುತ್ವ ಉಳಿದಿದ್ದದ್ದು ನಾಲ್ಕರಲ್ಲಿ: ಜಪಾನ್, ಪಶ್ಚಿಮ ಜರ್ಮನಿ, ಗ್ರೆನಡಾ, ಪನಾಮಾ.

ಬಾಡಿಗೆ ಬೆನ್ನೆಲುಬು

ಅಫ್ಘಾನ್ ಭದ್ರತಾ ಪಡೆಗಳಿಗೆ ಅಮೆರಿಕ ಸುಮಾರು 8,800 ಕೋಟಿ ಡಾಲರ್ ಸುರಿಯಿತು. ಕಾಗದದ ಮೇಲೆ ಮೂರು ಲಕ್ಷ ಜನ. ಎಷ್ಟೋ ಹೆಸರುಗಳು ಸಂಬಳದ ಪಟ್ಟಿಯಲ್ಲಿ ಮಾತ್ರ ಇದ್ದವು. ಹಣ ಮೇಲಧಿಕಾರಿಯ ಜೇಬಿಗೆ. ಇರಾಕಿನಲ್ಲಿ ಇಂಥವರನ್ನು 'ಫದಾಯಿ' ಎನ್ನುತ್ತಾರೆ, ಅಂದರೆ ಅಂತರಿಕ್ಷದವರು. ಮೊಸುಲ್ ಬಿದ್ದ ಮೇಲೆ ಪ್ರಧಾನಿ ಹೈದರ್ ಅಲ್ ಅಬಾದಿ ಎಣಿಸಿ ನೋಡಿಸಿದಾಗ ಅಂಥ 50 ಸಾವಿರ ಹೆಸರು ಸಿಕ್ಕವು.

ಅಫ್ಘಾನ್ ಸೈನಿಕರು ಹೇಡಿಗಳೆಂದು 2021ರಲ್ಲಿ ಬಹಳ ಜನ ಹೇಳಿದರು. ಅದು ಅನ್ಯಾಯ. ಇಪ್ಪತ್ತು ವರ್ಷದಲ್ಲಿ ಕನಿಷ್ಠ 66 ಸಾವಿರ ಅಫ್ಘಾನ್ ಸೈನಿಕರು ಮತ್ತು ಪೊಲೀಸರು ಸತ್ತಿದ್ದಾರೆ. ಅವರಿಗೆ ಕಲಿಸಿದ್ದು ಅಮೆರಿಕದ ಮಾದರಿಯ ಯುದ್ಧ: ದೂರದ ಠಾಣೆಗೆ ಹೆಲಿಕಾಪ್ಟರಿನಲ್ಲಿ ಗುಂಡು, ಊಟ, ಗಾಯಾಳುಗಳ ಸಾಗಣೆ, ಮೇಲಿಂದ ವಿಮಾನದ ಬೆಂಬಲ. ಆ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದವರು ವಿದೇಶಿ ಗುತ್ತಿಗೆದಾರರು. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕವೂ ತಾಲಿಬಾನೂ ಒಪ್ಪಂದಕ್ಕೆ ಸಹಿ ಹಾಕಿದವು, ಅಫ್ಘಾನ್ ಸರ್ಕಾರವನ್ನು ಹೊರಗಿಟ್ಟು. ಗುತ್ತಿಗೆದಾರರೂ ಹೊರಡಬೇಕೆಂದು ಅದರಲ್ಲೇ ಇತ್ತು. ರಿಪೇರಿ ನಿಂತಿತು, ವಿಮಾನ ನಿಂತಿತು, ಠಾಣೆಗೆ ಗುಂಡು ಬರುವುದು ನಿಂತಿತು. 2021ರ ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು.

ಇಂಥದ್ದನ್ನು ಭಾರತವೂ ಒಮ್ಮೆ ಕಂಡಿದೆ. 1987ರ ಒಪ್ಪಂದದ ಮೇರೆಗೆ ಶ್ರೀಲಂಕಾಕ್ಕೆ ಹೋದ ಭಾರತೀಯ ಶಾಂತಿಪಾಲನಾ ಪಡೆಯ ರಕ್ಷಣೆಯಲ್ಲಿ 1988ರ ನವೆಂಬರ್‌ನಲ್ಲಿ ಈಶಾನ್ಯ ಪ್ರಾಂತ್ಯ ಮಂಡಳಿಗೆ ಚುನಾವಣೆ ನಡೆಯಿತು. ಉತ್ತರದಲ್ಲಿ ಮತದಾನವೇ ಇಲ್ಲ, ಎಲ್ಲ ಅವಿರೋಧ ಆಯ್ಕೆ. ವರದರಾಜ ಪೆರುಮಾಳ್ ಮುಖ್ಯಮಂತ್ರಿಯಾದರು. ಅವರನ್ನು ಕಾಯಲು ಹುಡುಗರನ್ನು ಬಲವಂತವಾಗಿ ಹಿಡಿದು ತಂದು ಒಂದು ತಮಿಳು ಸೇನೆ ಕಟ್ಟಿದರು. 1990ರ ಮಾರ್ಚ್ 24ರಂದು ಭಾರತದ ಕೊನೆಯ ಸೈನಿಕರು ಹಡಗು ಹತ್ತಿದರು. ಅಷ್ಟರಲ್ಲಿ ಆ ಸೇನೆ ಚದುರಿಹೋಗಿತ್ತು, ಮುಖ್ಯಮಂತ್ರಿ ಭಾರತಕ್ಕೆ ಬಂದಾಗಿತ್ತು. ನಮ್ಮ 1,100ಕ್ಕೂ ಹೆಚ್ಚು ಯೋಧರು ಮರಳಲಿಲ್ಲ. 2003ರಲ್ಲಿ ಇರಾಕಿಗೆ ಒಂದು ಡಿವಿಷನ್ ಸೈನ್ಯ ಕಳಿಸಿ ಎಂದು ಅಮೆರಿಕ ಕೇಳಿದಾಗ ವಾಜಪೇಯಿ ಸರ್ಕಾರ ಜುಲೈ 14ರಂದು ಆಗುವುದಿಲ್ಲ ಎಂದಿತು. ಸರಿಯಾದ ನಿರ್ಧಾರ.

ಗೋಲಿ ಎಣಿಸಿದ ದೇಶ

ಹಾಗಾದರೆ ಎಂದೂ ಹೋಗಬಾರದೇ? ಗ್ಯಾಂಬಿಯಾ ನೋಡಿ. ಸುಮಾರು ಇಪ್ಪತ್ತು ಲಕ್ಷ ಜನರ ಆ ಪುಟ್ಟ ದೇಶದಲ್ಲಿ ಮತಪತ್ರವಿರಲಿಲ್ಲ. ಮತದಾರನ ಕೈಗೆ ಒಂದು ಗಾಜಿನ ಗೋಲಿ ಕೊಡುತ್ತಿದ್ದರು. ಅಭ್ಯರ್ಥಿಯ ಬಣ್ಣ ಬಳಿದ ಡ್ರಮ್ಮಿನ ಕೊಳವೆಯೊಳಗೆ ಗೋಲಿ ಬಿಟ್ಟರೆ ಒಳಗೆ ಗಂಟೆ ಒಮ್ಮೆ ಬಾರಿಸುತ್ತದೆ. ಎರಡು ಸಲ ಕೇಳಿದರೆ ಕಳ್ಳಮತ ಎಂದು ಹೊರಗೆ ಕೂತವರಿಗೆ ಗೊತ್ತಾಗುತ್ತದೆ. ಎಣಿಸುವುದು 200 ಅಥವಾ 500 ಗುಳಿಗಳ ಹಲಗೆಯ ಮೇಲೆ, ಎಲ್ಲರ ಕಣ್ಣೆದುರು. 2016ರ ಡಿಸೆಂಬರ್ 1ರಂದು, 22 ವರ್ಷ ಆಳಿದ ಯಾಹ್ಯಾ ಜಾಮೆ ಹೀಗೆ ಸೋತರು. ಮರುದಿನ ಸೋಲೊಪ್ಪಿದರು, ವಾರದಲ್ಲಿ ಮಾತು ಬದಲಿಸಿದರು.

ಗೆದ್ದ ಅಡಾಮಾ ಬ್ಯಾರೊ ಸೆನೆಗಲ್ ರಾಜಧಾನಿ ಡಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ 2017ರ ಜನವರಿ 19ರಂದು ಪ್ರಮಾಣವಚನ ಸ್ವೀಕರಿಸಿದರು. ಅಂದೇ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಒಕ್ಕೂಟ ಇಕೋವಾಸ್‌ನ ಸೇನೆ ಗಡಿ ದಾಟಿತು. ಎರಡು ದಿನದಲ್ಲಿ ಜಾಮೆ ವಿಮಾನ ಹತ್ತಿದರು. ಇಲ್ಲಿ ಸೇನೆ ಯಾರನ್ನೂ ಆರಿಸಲಿಲ್ಲ. ಜನ ಆಗಲೇ ಆರಿಸಿದ್ದರು. ಕಚೇರಿಗಳು ನಿಂತೇ ಇದ್ದವು, ನೆರೆಯವರೆಲ್ಲ ಒಂದೇ ಮಾತು ಹೇಳುತ್ತಿದ್ದರು. 1989ರಲ್ಲಿ ಅಮೆರಿಕದ ಸೇನೆ ಹೋದ ಪನಾಮಾದಲ್ಲೂ ಸರ್ವಾಧಿಕಾರಿ ನೊರಿಯೇಗಾ ರದ್ದು ಮಾಡಿದ ಮೇ ಚುನಾವಣೆಯ ವಿಜೇತರು ಕಾದು ನಿಂತಿದ್ದರು. ಅಲ್ಲಿ ಮಾತ್ರ ಬಾಂಬಿಗೆ ಬಡವರ ಬೀದಿಗಳು ಸುಟ್ಟುಹೋದವು. ಆದರೆ ಇದೂ ಗ್ಯಾರಂಟಿ ಅಲ್ಲ. ಹೈಟಿಯಲ್ಲಿ 1994ರಲ್ಲಿ ಚುನಾಯಿತ ಅಧ್ಯಕ್ಷರನ್ನೇ ಮರಳಿ ಕೂರಿಸಿದರೂ ಕೆಳಗೆ ಆಡಳಿತವೇ ಇಲ್ಲದ್ದರಿಂದ ಏನೂ ನಿಲ್ಲಲಿಲ್ಲ.

ಬಿಲ್ಲು ಯಾರ ಹೆಸರಿಗೆ

ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ 14,500 ಕೋಟಿ ಡಾಲರ್, ಯುದ್ಧಕ್ಕೆ ಬೇರೆ 83,700 ಕೋಟಿ ಡಾಲರ್, ಇವು ಅಮೆರಿಕದ್ದೇ ತನಿಖಾಧಿಕಾರಿಯ 2021ರ ಅಂಕಿ. ಅಮೆರಿಕದ 2,443 ಯೋಧರು, ಮಿತ್ರರಾಷ್ಟ್ರಗಳ 1,144 ಯೋಧರು, 48 ಸಾವಿರಕ್ಕೂ ಹೆಚ್ಚು ಅಫ್ಘಾನ್ ನಾಗರಿಕರು ಸತ್ತರು. ಇರಾಕಿನಲ್ಲಿ ದಾಖಲಾದ ನಾಗರಿಕ ಸಾವುಗಳೇ 1.8 ಲಕ್ಷ ದಾಟುತ್ತವೆ. ಗಳಿಕೆಯನ್ನೂ ಬರೆಯೋಣ: ಇಪ್ಪತ್ತು ವರ್ಷ ಅಫ್ಘಾನ್ ಹುಡುಗಿಯರು ಶಾಲೆಗೆ ಹೋದರು, ಸಂಸತ್ತಿನಲ್ಲಿ ಹೆಂಗಸರಿಗೆ 68 ಸ್ಥಾನ ಮೀಸಲಿತ್ತು, ನ್ಯಾಯಾಧೀಶೆಯರಿದ್ದರು. ಇಂದು ಆರನೇ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆಯಿಲ್ಲ. ಆ ನ್ಯಾಯಾಧೀಶೆಯರು ತಾವೇ ಜೈಲಿಗೆ ಕಳಿಸಿದ್ದವರಿಗೆ ಹೆದರಿ ಅಡಗಬೇಕಾಯಿತು. ಹೊರಗಿನವರ ಮಾತು ನಂಬಿ ಮುಂದೆ ಬಂದವರ ಮೇಲೆ ಬಿದ್ದ ಈ ಹೊರೆ ಯಾವ ಸೇನೆಯ ಮುಂಗಡಪತ್ರದಲ್ಲೂ ಇರುವುದಿಲ್ಲ.

ನನ್ನ ತೀರ್ಮಾನ ಇದು: ಜನರ ತೀರ್ಪು ಆಗಲೇ ಬಂದಿದ್ದು, ಅದನ್ನು ಒಬ್ಬ ಕಸಿದುಕೊಂಡಿದ್ದು, ಆಡಳಿತ ನಿಂತಿದ್ದು, ನೆರೆಯವರು ಒಪ್ಪಿದ್ದರೆ ಸಣ್ಣ ಅವಧಿಗೆ ಸೇನೆ ಹೋಗಬಹುದು. ಈ ನಾಲ್ಕೂ ಇಲ್ಲದ ಕಡೆ, ಇರಾಕಿನಂತೆ, ಆ ಬೆಲೆಗೆ ತಕ್ಕ ಫಲ ಇಲ್ಲ.

ಇರಾಕಿನಲ್ಲಿ ಚುನಾವಣೆಗಳು ಈಗಲೂ ನಡೆಯುತ್ತವೆ, ಪ್ರಧಾನಿಗಳು ಬದಲಾಗುತ್ತಾರೆ. ಪ್ರಧಾನಿ ಶಿಯಾ, ಸಭಾಧ್ಯಕ್ಷ ಸುನ್ನಿ, ರಾಷ್ಟ್ರಪತಿ ಕುರ್ದ್ ಎಂಬ ಹಂಚಿಕೆ ಇಲಾಖೆಗಳವರೆಗೂ ಇಳಿದಿದೆ. ಅಲ್ಲಿಯವರು ಇದನ್ನು 'ಮುಹಾಸಸಾ' ಎನ್ನುತ್ತಾರೆ. ಇದರ ವಿರುದ್ಧ 2019ರ ಅಕ್ಟೋಬರ್‌ನಲ್ಲಿ ಬಾಗ್ದಾದಿನ ತಹರೀರ್ ಚೌಕಕ್ಕೆ ಇಳಿದ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಗೆ ಸದ್ದಾಂ ಆಳ್ವಿಕೆಯ ನೆನಪೇ ಇರಲಿಲ್ಲ. ಸುಮಾರು 600 ಮಂದಿ ಸತ್ತರು. ಪ್ರಧಾನಿ ಆದಿಲ್ ಅಬ್ದುಲ್ ಮಹ್ದಿ ರಾಜೀನಾಮೆ ಕೊಟ್ಟರು. ಚುನಾವಣಾ ಕಾನೂನೂ ಬದಲಾಯಿತು: ದೇಶವನ್ನು 83 ಕ್ಷೇತ್ರಗಳಾಗಿ ಒಡೆದು, ಪಟ್ಟಿಯ ಬದಲು ಅಭ್ಯರ್ಥಿಯ ಹೆಸರಿಗೇ ಮತ. 2021ರ ಅಕ್ಟೋಬರ್ ಚುನಾವಣೆಯಲ್ಲಿ ಆ ಚಳವಳಿಯಿಂದ ಬಂದ ಕೆಲವರೂ ಸ್ವತಂತ್ರರೂ ಗೆದ್ದು ಸಂಸತ್ತಿಗೆ ಬಂದರು. 2023ರ ಮಾರ್ಚ್‌ನಲ್ಲಿ ದೊಡ್ಡ ಪಕ್ಷಗಳು ಸೇರಿ ಆ ಕಾನೂನನ್ನು ರದ್ದುಮಾಡಿ, ಪ್ರಾಂತ್ಯವಾರು ಪಟ್ಟಿ ಪದ್ಧತಿಯನ್ನು ಮರಳಿ ತಂದವು.